ಹನ್ನೆರಡು ಮಿಲಿಮೀಟರಿನ ಮೀಟರ್ ಗೇಜು

ನಮ್ಮಪ್ಪನ ಎತ್ತರ ಐದು ಅಡಿ ನಾಲ್ಕು ಅಂಗುಲ. ರೈಲ್ವೆಗೆ ಸೇರುವಾಗ ಡಾಕ್ಟರು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆದು ಬರೆದುಕೊಂಡ ಲೆಕ್ಕ ಅದು. ಅಪ್ಪ ಅದನ್ನು ಕೊನೆಯವರೆಗೂ ಒಂದು ಪದವಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ಅವರು ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ ಆ ಅಳತೆ ನನಗೆ ಬೇಕಾಯಿತು. ಅಂಗಿ ಹೊಲಿಸುವುದಕ್ಕಲ್ಲ, ಒಂದು ರೈಲ್ವೆ ಎಂಜಿನ್ನಿನ ಎತ್ತರ ಕಂಡುಹಿಡಿಯುವುದಕ್ಕೆ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಫೋಟೋ. ಕ್ಯಾಮೆರಾ ಇಟ್ಟುಕೊಂಡಿದ್ದ ಗಾರ್ಡ್ ಒಬ್ಬರು ತೆಗೆದದ್ದು. ಎಂಜಿನ್ನಿನ ಬಳಿ ಬೆತ್ತದ ಬಳೆ ಹಿಡಿದು ಅಪ್ಪ ನಿಂತಿದ್ದಾರೆ. ಆ ಫೋಟೋದಲ್ಲಿ ನನಗೆ ಗೊತ್ತಿದ್ದ ಅಳತೆಯ ವಸ್ತು ಅವರೊಬ್ಬರೇ.

ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಮೈಸೂರಿನಿಂದ ಹಾಸನದ ಮೇಲೆ ಬರುವ ಮಾರ್ಗ ಕೂಡುವ ಜಾಗ ಅದು. ಆಗ ಎಲ್ಲವೂ ಮೀಟರ್ ಗೇಜು. ಪ್ಲಾಟ್‌ಫಾರಂ ತುಂಬ ಕೊಬ್ಬರಿ ಚೀಲ, ಎಣ್ಣೆ ವಾಸನೆ, ಗಾಡಿ ಬದಲಿಸಲು ಟ್ರಂಕು ಹೊತ್ತು ಓಡುವವರು. ನಮ್ಮ ಕ್ವಾರ್ಟರ್ಸಿನ ಹಿಂಬಾಗಿಲು ತೆಗೆದರೆ ಲೂಪ್ ಲೈನು. ಹಿತ್ತಿಲಲ್ಲಿ ಅಮ್ಮ ಬಟ್ಟೆ ಒಣಹಾಕಿದರೆ ಅರ್ಧ ಗಂಟೆಯಲ್ಲಿ ಮತ್ತೆ ಒಗೆಯಬೇಕು. "ಉಗಿ ಗಾಡಿ ಕಿಡಿ ಹಾರ್ಸಿ ಸೀರೆ ತೂತು ಮಾಡ್ತಿತ್ತು, ಈ ಡೀಸಲ್ಲು ಜಿಡ್ಡು ಬಳೀತದೆ, ಅಷ್ಟೇಯ ವ್ಯತ್ಯಾಸ" ಅನ್ನುತ್ತಿದ್ದಳು.

ನಾನು ಹುಟ್ಟಿದ್ದು 1968ರಲ್ಲಿ. ವಾರಣಾಸಿಯ ಡೀಸೆಲ್ ಕಾರ್ಖಾನೆ ಮೀಟರ್ ಗೇಜಿನ ಡೀಸೆಲ್ ಎಂಜಿನ್ನುಗಳನ್ನು ಕಟ್ಟಲು ಶುರುಮಾಡಿದ್ದೂ ಅದೇ ವರ್ಷ. ಹಾಗಾಗಿ ನಾವು ಓರಗೆಯವರು. ಅದರ ಹೆಸರು ವೈಡಿಎಂ-4. ವೈ ಅಂದರೆ ಮೀಟರ್ ಗೇಜು, ಡಿ ಅಂದರೆ ಡೀಸೆಲ್, ಎಂ ಅಂದರೆ ಜನರ ಗಾಡಿ, ಸರಕಿನ ಗಾಡಿ ಎರಡಕ್ಕೂ ಸಲ್ಲುವಂಥದ್ದು. ಆರು ಅಚ್ಚು, 72 ಟನ್ ತೂಕ, ಸುಮಾರು 1,400 ಅಶ್ವಶಕ್ತಿ. ಒಂದು ತುದಿಯ ಹತ್ತಿರ ಡ್ರೈವರನ ಕೋಣೆ, ಅದರ ಒಂದು ಬದಿಗೆ ಗಿಡ್ಡ ಮೂತಿ, ಇನ್ನೊಂದು ಬದಿಗೆ ಉದ್ದನೆಯ ಪೆಟ್ಟಿಗೆ, ಸುತ್ತ ನಡೆದಾಡಲು ಕಂಬಿ ಹಿಡಿದ ಕಿರುದಾರಿ. ಚಂದ ಅಂತ ಯಾರೂ ಹೇಳುವ ರೂಪವಲ್ಲ. ಆದರೆ ನಿಂತಲ್ಲೇ ಡುಗುಡುಗು ಅನ್ನುತ್ತಿದ್ದಾಗ ನಮ್ಮನೆಯ ಅಡ್ಡಗೋಡೆಯ ಮೇಲಿನ ಲೋಟಗಳು ಅದರ ತಾಳಕ್ಕೆ ಅಲುಗುತ್ತಿದ್ದವು.

ಹೊರಡುವಾಗ ಅದು ಉಗುಳುತ್ತಿದ್ದ ಕಪ್ಪು ಹೊಗೆಯನ್ನು ನೋಡಲೆಂದೇ ನಾವು ಹುಡುಗರು ಸಿಗ್ನಲ್ ಕಂಬದ ಹತ್ತಿರ ಕಾಯುತ್ತಿದ್ದೆವು. ಡ್ರೈವರು ವೇಗದ ಹಿಡಿಯನ್ನು ಒಂದು ನಾಚ್ ಏರಿಸಿದ ಕೂಡಲೇ ಎಣ್ಣೆ ಒಳಕ್ಕೆ ಹೋಗುತ್ತದೆ, ಆದರೆ ಗಾಳಿ ತಳ್ಳುವ ಟರ್ಬೊ ವೇಗ ಹಿಡಿಯಲು ಹೊತ್ತು ಬೇಕು. ಆ ನಡುವಿನ ಗಳಿಗೆಯಲ್ಲಿ ಅರೆಬೆಂದ ಎಣ್ಣೆಯೆಲ್ಲ ಹೊಗೆಯಾಗಿ ಬರುತ್ತದೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಅದು ಎಂಜಿನ್ನಿನ ಸಿಟ್ಟು. ಇದೇ ಹೊಗೆಗಾಗಿ ಅಮೆರಿಕದ ರೈಲು ಹುಚ್ಚರು ಆಲ್ಕೋ ಕಂಪನಿಯ ಡೀಸೆಲ್‌ಗಳನ್ನು 'ಗೌರವ ಉಗಿ ಎಂಜಿನ್' ಎಂದು ಕರೆಯುತ್ತಿದ್ದರಂತೆ. ನಮ್ಮ ವೈಡಿಎಂ-4 ಹುಟ್ಟಿದ್ದು ಆ ಆಲ್ಕೋ ಮನೆತನದಲ್ಲೇ.

ನನ್ನ ಮೊದಲ ಬೇಡಿಕೆ ಸಲ್ಲಿಸಿದ್ದು ಮಾಲೇಕಲ್ ತಿರುಪತಿ ಜಾತ್ರೆಯಲ್ಲಿ. ಎಂಟು ವರ್ಷವಿರಬೇಕು. ಬೆಂಡು ಬತ್ತಾಸಿನ ಸಾಲು ದಾಟಿದರೆ ಆಟದ ಸಾಮಾನಿನ ಅಂಗಡಿಗಳು. ಒಬ್ಬನ ಹತ್ತಿರ ತಗಡಿನ ರೈಲಿತ್ತು. ಕೀಲಿ ಕೊಟ್ಟರೆ ಗುಂಡಗೆ ಹಾಕಿದ ಹಳಿಯ ಮೇಲೆ ಸುತ್ತುತ್ತಿತ್ತು. ಎದುರಿಗೆ ಚಿಮಣಿ, ಮೇಲೊಂದು ಗಂಟೆ.

"ಡೀಸಲ್ ಇಂಜಿನ್ ಇಲ್ವಾ?" ಅಂದೆ.

ಅಂಗಡಿಯವನು ಅಪ್ಪನ ಮುಖ ನೋಡಿದ. "ಯಾವ ಮಗ ಸ್ವಾಮಿ ಇದು! ರೈಲು ಅಂದ್ರೆ ಹಿಂಗೇ ಇರೋದು."

ಕಣ್ಣೆದುರಿನ ಪಟ್ಟಿಯ ಮೇಲೆ ದಿನಾ ಓಡುವ ಗಾಡಿ ಆಟಿಕೆಯಲ್ಲಿ ಇರಲಿಲ್ಲ; ಆಟಿಕೆಯಲ್ಲಿ ಇದ್ದದ್ದು ಯಾವುದೋ ಸೀಮೆಯದು. ಅಪ್ಪ ಬೇಸರ ಮಾಡಿಕೊಳ್ಳದೆ ಮನೆಗೆ ಬಂದು ಸಿಗರೇಟಿನ ಖಾಲಿ ಪ್ಯಾಕುಗಳನ್ನು ಅಂಟಿಸಿ ಒಂದು ಎಂಜಿನ್ ಮಾಡಿಕೊಟ್ಟರು. ಉದ್ದ ಪೆಟ್ಟಿಗೆಗೆ ಎರಡು ಪ್ಯಾಕು, ಗಿಡ್ಡ ಮೂತಿಗೆ ಅರ್ಧ, ಡ್ರೈವರನ ಕೋಣೆಗೆ ಬೆಂಕಿಪೊಟ್ಟಣ. ಅಳತೆ ಹಾಗಿರಲಿ, ಎಲ್ಲಿ ಏನಿರಬೇಕೋ ಅಲ್ಲಿ ಅದಿತ್ತು. ಈಗ ಲೆಕ್ಕ ಹಾಕಿದರೆ, ಮುಂದಿನ ಮೂರು ದಶಕ ನಾನು ನೋಡಿದ ಒಂದೇ ಒಂದು ವೈಡಿಎಂ-4 ಮಾದರಿ ಅದೇ.

*

1980ರ ಬೇಸಿಗೆಯಲ್ಲಿ ಅಪ್ಪ ಪಾಸ್ ತೆಗೆದು ನಮ್ಮನ್ನೆಲ್ಲ ಮಂಗಳೂರಿಗೆ ಕರೆದುಕೊಂಡು ಹೋದರು. ಹಾಸನ–ಮಂಗಳೂರು ಮಾರ್ಗ ಅದರ ಹಿಂದಿನ ವರ್ಷವಷ್ಟೇ ಶುರುವಾಗಿತ್ತು. ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರು ಘಾಟಿ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಹೋದರೆ ಒಂದು ಅಡಿ ಇಳಿಜಾರು. ಹೋಗುವಾಗ ಬ್ರೇಕಿನ ಸುಟ್ಟ ವಾಸನೆ, ಬರುವಾಗ ಎಂಜಿನ್ನಿನ ಏದುಸಿರು. ಪ್ರತಿ ಸುರಂಗಕ್ಕೂ ತಮ್ಮ ಕೂಗುತ್ತಿದ್ದ, ನಾನು ಎಣಿಸುತ್ತಿದ್ದೆ. ಮೂವತ್ತರ ಆಚೆ ಇಬ್ಬರಿಗೂ ನಿದ್ದೆ.

ತಿರುವಿನಲ್ಲಿ ತಲೆ ಹೊರಹಾಕಿ ನೋಡಿದಾಗ ಎಂಜಿನ್ನು ತಾನೇ ನಮ್ಮತ್ತ ತಿರುಗಿ ನೋಡುತ್ತಿರುವಂತೆ ಕಾಣಿಸಿದ್ದು ನೆನಪಿದೆ. ಅದರ ಬಣ್ಣ? ನನ್ನ ನೆನಪಿನಲ್ಲಿ ನೀಲಿ. ತಮ್ಮ ಕೆಂಪು ಅನ್ನುತ್ತಾನೆ. ನಲವತ್ತು ವರ್ಷದಿಂದ ಈ ಜಗಳ ನಡೆದಿದೆ. ಒಂದೊಂದು ಶೆಡ್ಡಿನವರು ತಮಗೆ ತೋಚಿದ ಬಣ್ಣ ಹೊಡೆಯುತ್ತಿದ್ದ ಕಾಲ ಅದು. ಇಬ್ಬರೂ ಸರಿ ಇರಬಹುದು. ಇಬ್ಬರೂ ತಪ್ಪಿರಬಹುದು. ಆ ಪ್ರಯಾಣದ ಫೋಟೋ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಬೆಂಗಳೂರಿಗೆ ಬಂದು ಟೂಲ್ ಅಂಡ್ ಡೈ ಮೇಕಿಂಗ್ ಕಲಿತೆ. ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಕೆಲಸ ಸಿಕ್ಕಿತು. ಪ್ಲಾಸ್ಟಿಕ್ ಅಚ್ಚು ಹಾಕುವ ಉಕ್ಕಿನ ಮೋಲ್ಡುಗಳನ್ನು ಮಾಡುವುದು ನಮ್ಮ ಕಸುಬು. ಬಾಟಲಿ ಮುಚ್ಚಳ, ಸ್ವಿಚ್ಚಿನ ಪ್ಲೇಟು, ಬಾಚಣಿಗೆ, ಟಿಫನ್ ಡಬ್ಬಿಯ ಕೊಂಡಿ. ನೀವು ಬೆಳಿಗ್ಗೆ ಎದ್ದು ಮುಟ್ಟುವ ಹತ್ತು ವಸ್ತುಗಳಲ್ಲಿ ನಾಲ್ಕಾದರೂ ನಮ್ಮಂಥವರು ಕೊರೆದ ಉಕ್ಕಿನಿಂದ ಉದುರಿದವು. ಕೈಯಲ್ಲಿ ಸದಾ ವರ್ನಿಯರು. ಮಿಲಿಮೀಟರಿನ ನೂರನೇ ಭಾಗಕ್ಕೆ ಬೈಗುಳ ತಿಂದು ಬೆಳೆದವನು ನಾನು.

ಆ ಹೊತ್ತಿಗೆ ಊರಲ್ಲಿ ಮೀಟರ್ ಗೇಜು ಮುಗಿಯುತ್ತ ಬಂದಿತ್ತು. 1992ರಲ್ಲಿ ರೈಲ್ವೆ ಎಲ್ಲ ಮಾರ್ಗಗಳನ್ನೂ ಒಂದೇ ಅಗಲಕ್ಕೆ ತರುವ ಕೆಲಸ ಶುರುಮಾಡಿತು. ಸಾವಿರ ಮಿಲಿಮೀಟರಿನ ಹಳಿ ಕಿತ್ತು 1,676 ಮಿಲಿಮೀಟರಿನದು ಹಾಕಿದರು. ಗಾಡಿ ಬದಲಿಸುವ ಗೋಳು ತಪ್ಪಿತು, ವೇಗ ಹೆಚ್ಚಿತು, ಒಳ್ಳೆಯದೇ ಆಯಿತು. ಅಪ್ಪ ಕೂಡ ಹಾಗೇ ಅಂದರು. ಆದರೆ ಒಂದು ಸಲ ರಜೆಗೆ ಹೋದಾಗ ಹಿಂಬಾಗಿಲು ತೆಗೆದು ನೋಡುತ್ತೇನೆ, ಲೂಪ್ ಲೈನಿನ ಜಾಗದಲ್ಲಿ ಬರೀ ಜಲ್ಲಿ. ಲೋಟಗಳು ಸುಮ್ಮನೆ ಕೂತಿದ್ದವು.

*

1997ರಲ್ಲಿ ಹೊಸ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದ ತರಬೇತಿಗೆಂದು ನನ್ನನ್ನು ಆರು ವಾರ ಜರ್ಮನಿಗೆ ಕಳಿಸಿದರು. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರು. ಆ ಕಡೆಯೇ ಗೋಪಿಂಗನ್ ಎಂಬ ಊರಿದೆ, ಆಟಿಕೆ ರೈಲಿನ ಜಗತ್ತಿಗೆ ಮಾರ್ಕ್‌ಲಿನ್ ಕಂಪನಿಯಿಂದ ಹೆಸರಾದ ಊರು. ಒಂದು ಶನಿವಾರ ಅಲ್ಲಿಗೆ ಹೋಗಿ ಮಾದರಿ ರೈಲಿನ ಅಂಗಡಿಯೊಂದನ್ನು ಹೊಕ್ಕೆ.

ಒಳಗೆ ಸದ್ದಿಲ್ಲ. ಮಕ್ಕಳೂ ಇಲ್ಲ. ಅರವತ್ತು ದಾಟಿದ ಗಂಡಸರು ಕನ್ನಡಕ ಹಣೆಗೇರಿಸಿ ಗಾಜಿನ ಕಪಾಟಿಗೆ ಮೂಗು ತಾಗಿಸಿ ನಿಂತಿದ್ದರು, ನಮ್ಮಲ್ಲಿ ಗರ್ಭಗುಡಿಯ ಮುಂದೆ ನಿಲ್ಲುವ ಹಾಗೆ. ನೂರಾರು ಎಂಜಿನ್ನುಗಳು. ಹೆಚ್ಚಿನವು 87ರಲ್ಲಿ ಒಂದು ಅಳತೆಯವು. ಅದಕ್ಕೆ ಎಚ್‌ಒ ಅನ್ನುತ್ತಾರೆ. 16.5 ಮಿಲಿಮೀಟರಿನ ಹಳಿಯನ್ನು 87ರಿಂದ ಗುಣಿಸಿದರೆ ಯುರೋಪ್ ಅಮೆರಿಕಗಳ 1,435 ಮಿಲಿಮೀಟರಿನ ಹಳಿ ಬರುತ್ತದೆ. ನನ್ನ ಕಣ್ಣು ನಿಂತದ್ದು ಒಂದು ಎಂಜಿನ್ನಿನ ಮೈಮೇಲಿನ ಗಾಳಿಕಿಂಡಿಗಳ ಮೇಲೆ. ಒಂದೊಂದು ಪಟ್ಟಿಯೂ ಬೇರೆ ಬೇರೆ, ಅಂಚಿನಲ್ಲಿ ಜೋಡಣೆಯ ಗೆರೆ ಹುಡುಕಿದರೂ ಸಿಗದು. ಅಷ್ಟು ನುಣುಪಾಗಿ ಉಕ್ಕು ಕೊರೆದವನ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ. ಎಂಜಿನ್ನನ್ನು ಮೆಚ್ಚಿಕೊಂಡದ್ದು ಆಮೇಲೆ.

ಪಕ್ಕದ ಕಪಾಟಿನಲ್ಲಿ ಬೆಮೋ ಕಂಪನಿಯ ರೈಲುಗಳಿದ್ದವು. ಅವುಗಳ ಹಳಿ 12 ಮಿಲಿಮೀಟರು. ಕೇಳಿದಾಗ ಅಂಗಡಿಯಾಕೆ ಹೇಳಿದಳು, ಇದು ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲ್ವೆ, ಅದು ಮೀಟರ್ ಗೇಜು. ನಾನು ಅಲ್ಲೇ ಮನಸ್ಸಿನಲ್ಲಿ ಭಾಗಿಸಿದೆ. ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಹನ್ನೆರಡು ಅಂದರೆ ಕೂದಲೆಳೆಯ ವ್ಯತ್ಯಾಸ. ಅಂದರೆ ಅರಸೀಕೆರೆಯ ಹಳಿ ಈ ಅಂಗಡಿಯಲ್ಲಿ ಮಾರಾಟಕ್ಕಿತ್ತು! ಅದರ ಮೇಲೆ ಓಡಿಸಲು ನಮ್ಮ ಎಂಜಿನ್ ಮಾತ್ರ ಇರಲಿಲ್ಲ.

ಹೊರಡುವ ಮುನ್ನ ಕೆಳಗಿನ ಸಾಲಿನಲ್ಲಿ ಒಂದು ದೊಡ್ಡ ಡೀಸೆಲ್ ಕಂಡಿತು. ಎಲ್‌ಜಿಬಿ ಕಂಪನಿಯದು, ತೋಟದಲ್ಲಿ ಓಡಿಸುವ ಅಳತೆ, ಹಳಿಯೇ 45 ಮಿಲಿಮೀಟರು. ಆರು ಅಚ್ಚು, ಉದ್ದ ಪೆಟ್ಟಿಗೆ. ಮೈಕಟ್ಟು ಪೂರ್ತಿ ನಮ್ಮದಲ್ಲ, ಆದರೂ ಎಲ್ಲೋ ನೋಡಿದ ಮುಖ. ಚೀಟಿ ಓದಿದೆ: ವೈಟ್ ಪಾಸ್ ಅಂಡ್ ಯೂಕಾನ್, ಆಲ್ಕೋ ಡಿಎಲ್535ಇ. ವೈಡಿಎಂ-4ಕ್ಕೆ ಆಲ್ಕೋ ಇಟ್ಟ ಹೆಸರು ಡಿಎಲ್535ಎ. ಅಲಾಸ್ಕದ ಹಿಮದಲ್ಲಿ, ಚಿನ್ನದ ಹುಚ್ಚಿನ ಕಾಲದ ಬೆಟ್ಟದ ಮಾರ್ಗದಲ್ಲಿ ಓಡುವ ಅದು ನಮ್ಮ ಎಂಜಿನ್ನಿನ ದಾಯಾದಿ. ಹೊಟ್ಟೆಯೊಳಗೆ ಅದೇ ಆರು ಸಿಲಿಂಡರಿನ ಯಂತ್ರ.

ಆ ಮಾರ್ಗಕ್ಕೆ 1969ರಿಂದಾಚೆ ಬಂದ ಅಂಥ ಎಂಜಿನ್ನುಗಳು ಬೆರಳೆಣಿಕೆಯಷ್ಟು. ನಮ್ಮಲ್ಲಿ ನೂರಾರು. ಆದರೂ ಮಾದರಿ ಆದದ್ದು ಅದು. ಯಾಕೆಂದು ಯೋಚಿಸುತ್ತ ರೈಲಿನಲ್ಲಿ ಕೂತಿದ್ದೆ. ಅಲಾಸ್ಕಕ್ಕೆ ಹಡಗಿನಲ್ಲಿ ಪ್ರವಾಸಿಗರು ಬರುತ್ತಾರೆ, ಕ್ಯಾಮೆರಾ ತರುತ್ತಾರೆ, ಮನೆಗೆ ಹೋಗಿ ನೆನಪಿಗೊಂದು ರೈಲು ಬೇಕೆನ್ನುತ್ತಾರೆ. ನಮ್ಮ ಎಂಜಿನ್ನು ಎಳೆದದ್ದು ಕೊಬ್ಬರಿ, ಉಪ್ಪು, ಕಾಲೇಜಿಗೆ ಹೋಗುವ ಹುಡುಗರು, ಹೆರಿಗೆಗೆ ತವರಿಗೆ ಹೊರಟ ಹೆಣ್ಣುಮಕ್ಕಳು. ಇವರಲ್ಲಿ ಯಾರೂ ಎಂಜಿನ್ನಿನ ಫೋಟೋ ತೆಗೆಯಲಿಲ್ಲ.

ಆ ಅಂಗಡಿಯಲ್ಲಿ ಒಬ್ಬ ಮುದುಕರ ಜೊತೆ ಹರುಕುಮುರುಕು ಇಂಗ್ಲಿಷಿನಲ್ಲಿ ಮಾತಾಡಿದ್ದೆ. ಮನೆಯಲ್ಲಿ ಅವರಿಗೆ ಇನ್ನೂರು ಎಂಜಿನ್ನುಗಳಿದ್ದವಂತೆ. "ಆದರೆ ನನಗೆ ಬೇಕಾದ್ದು ಇಲ್ಲ" ಅಂದರು. ಶಾಲೆಗೆ ಹೋಗುವಾಗ ಅವರ ಹಳ್ಳಿಗೆ ಬರುತ್ತಿದ್ದ ಒಂದು ಸಣ್ಣ ಖಾಸಗಿ ಮಾರ್ಗದ ಡೀಸೆಲ್. ಕಂಪನಿಗಳಿಗೆ ಮೂವತ್ತು ವರ್ಷದಿಂದ ಕಾಗದ ಬರೆಯುತ್ತಿದ್ದರು. ಕಂಪನಿಯವರು ಉತ್ತರವನ್ನೂ ಬರೆಯುತ್ತಿದ್ದರು, ತುಂಬ ಮರ್ಯಾದೆಯಿಂದ. ನನಗೆ ಜಾತ್ರೆಯ ಅಂಗಡಿಯವನು ನೆನಪಾದ.

*

ಬೆಂಗಳೂರಿಗೆ ವಾಪಸು ಬಂದ ಮೇಲೆ ನನ್ನಂಥವರು ಇನ್ನೂ ಇದ್ದಾರೆಂದು ಗೊತ್ತಾಯಿತು. ಭಾನುವಾರಗಳಲ್ಲಿ ಒಬ್ಬರ ಮನೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಬ್ಯಾಂಕಿನವರು, ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಎಂಜಿನಿಯರು. ಹಲಗೆಯ ಮೇಲೆ ಅಮೆರಿಕದ ಡೀಸೆಲ್‌ಗಳು ಓಡುತ್ತಿದ್ದವು, ಬಾಯಲ್ಲಿ ನಮ್ಮ ಡೀಸೆಲ್‌ಗಳು. ಚಹಾ ಮುಗಿಯುವಷ್ಟರಲ್ಲಿ ಮಾತು ಒಂದೇ ಕಡೆ ಬರುತ್ತಿತ್ತು: ಯಾರಾದರೂ ಡಬ್ಲ್ಯುಡಿಎಂ-2 ಮಾಡಬಾರದೆ? ರಾಜಧಾನಿ ಎಕ್ಸ್‌ಪ್ರೆಸ್ 1969ರಲ್ಲಿ ಶುರುವಾದಾಗ ಎಳೆದ ಡಬ್ಲ್ಯುಡಿಎಂ-4 ಮಾಡಬಾರದೆ? ಡಬ್ಲ್ಯುಡಿಎಂ-1? ನಾನು ಕೊನೆಯಲ್ಲಿ ಮೆಲ್ಲಗೆ ವೈಡಿಎಂ-4 ಅನ್ನುತ್ತಿದ್ದೆ. ಮೀಟರ್ ಗೇಜಿನವನಿಗೆ ಆ ಪಂಕ್ತಿಯಲ್ಲೂ ಕೊನೆಯ ಎಲೆ.

ಹಲ್ಲಿನ ಡಾಕ್ಟರು ಡಬ್ಲ್ಯುಡಿಎಂ-2ರ ಭಕ್ತರು. 16 ಸಿಲಿಂಡರು, 2,600 ಅಶ್ವಶಕ್ತಿ. 1962ರಲ್ಲಿ ಆಲ್ಕೋದಿಂದ ಬಂದದ್ದು, 1964ರಿಂದ ವಾರಣಾಸಿಯಲ್ಲೇ ಕಟ್ಟಿದ್ದು. ಅವರಿಗೊಂದು ಹೆಮ್ಮೆ ಇತ್ತು: ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಆಲ್ಕೋ 1969ರಲ್ಲಿ ಎಂಜಿನ್ ಕಟ್ಟುವುದನ್ನು ನಿಲ್ಲಿಸಿತು, ಆದರೆ ಅದರ ವಂಶ ವಾರಣಾಸಿಯಲ್ಲಿ ಮುಂದೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳೆಯಿತು. ತೀರಿಹೋದ ಕಂಪನಿಯ ಮಕ್ಕಳನ್ನು ಸಾಕಿದವರು ನಾವು. ಅಲ್ಲಿಯ ಆಲ್ಕೋ ಅಭಿಮಾನಿಗಳು ಆ ಹೊಗೆ ನೋಡಲೆಂದೇ ಇಲ್ಲಿಗೆ ಬರುತ್ತಿದ್ದರು. "ನೋಡಿ, ಬೆಳೆಸಿದವರ ಹತ್ತಿರ ಒಂದು ಬೊಂಬೆಯೂ ಇಲ್ಲ" ಅನ್ನುತ್ತಿದ್ದರು ಡಾಕ್ಟರು.

ಅವರು ಕೊನೆಗೆ ವಿದೇಶಿ ಎಂಜಿನ್ನಿನ ಚಾಸಿ ತಂದು, ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಡಬ್ಲ್ಯುಡಿಎಂ-2 ಕಟ್ಟಿದರು. ಚಂದವೇ ಇತ್ತು. ಆದರೆ ನಮ್ಮ ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರು ಬರಬೇಕು. ಪೇಟೆಯಲ್ಲಿ ಸಿಗುವ ಹಳಿ 16.5. ಎದುರಿನಿಂದ ನೋಡಿದರೆ ಎಂಜಿನ್ನು ಕಾಲು ಕೂಡಿಸಿಕೊಂಡು ಫೋಟೋಕ್ಕೆ ನಿಂತ ಮದುಮಗನ ಹಾಗೆ ಕಾಣುತ್ತಿತ್ತು. ಹಾಗಂದಿದ್ದಕ್ಕೆ ಎರಡು ಭಾನುವಾರ ನನ್ನೊಡನೆ ಮಾತು ಬಿಟ್ಟಿದ್ದರು.

ಅವರೆಲ್ಲ ಕಂಪನಿಗಳನ್ನು ಬೈಯುವಾಗ ನನಗೆ ಬಾಯಿ ಕಟ್ಟುತ್ತಿತ್ತು. ಯಾಕೆಂದರೆ ಮೋಲ್ಡಿನ ಲೆಕ್ಕ ನನಗೆ ಗೊತ್ತು. ಬಾಚಣಿಗೆಯ ಮೋಲ್ಡು ಎರಡು ಭಾಗ. ತೆರೆದರೆ ಬಾಚಣಿಗೆ ಉದುರುತ್ತದೆ. ಎಂಜಿನ್ನಿನ ಮೈಗೆ ನಾಲ್ಕು ಮಗ್ಗುಲು, ಮೇಲೊಂದು ಚಾವಣಿ. ಎಲ್ಲದರ ಮೇಲೂ ಬಾಗಿಲು, ಚಿಲಕ, ಗಾಳಿಕಿಂಡಿ. ನೇರ ಎಳೆದರೆ ಎಲ್ಲ ಕಿತ್ತು ಬರುತ್ತವೆ. ಹಾಗಾಗಿ ಪ್ರತಿ ಮಗ್ಗುಲಿಗೂ ಪಕ್ಕಕ್ಕೆ ಸರಿಯುವ ಬೇರೆ ಬೇರೆ ಉಕ್ಕಿನ ತುಂಡು ಬೇಕು. ಅವು ಒಂದಕ್ಕೊಂದು ಕೂಡುವಲ್ಲಿ ಗೆರೆ ಬೀಳಬಾರದು. ಆಮೇಲೆ ಬೋಗಿ, ಗೇರು, ಕಿಟಕಿ, ಕಂಬಿ, ಒಂದೊಂದಕ್ಕೂ ಇನ್ನೊಂದು ಮೋಲ್ಡು. ಪೀಣ್ಯದ ಕೂಲಿಯಲ್ಲೂ ಲೆಕ್ಕ ಲಕ್ಷಗಳಲ್ಲೇ ಶುರುವಾಗುತ್ತದೆ. ಆ ದುಡ್ಡು ಸಾವಿರಾರು ಎಂಜಿನ್ನುಗಳ ಮೇಲೆ ಹಂಚಿಹೋದರೆ ಮಾತ್ರ ಒಂದರ ಬೆಲೆ ಮನುಷ್ಯರು ಕೊಡುವಂತಿರುತ್ತದೆ.

ಆದರೂ ಒಮ್ಮೆ ಆಸೆ ತಡೆಯದೆ, ಆಟಿಕೆ ಮಾಡಿಸುತ್ತಿದ್ದ ನಮ್ಮ ಗಿರಾಕಿಯೊಬ್ಬರ ಮುಂದೆ ವಿಷಯ ಎತ್ತಿದೆ. ಫೋಟೋ ತೋರಿಸಿದೆ. ಅವರು ಅಪ್ಪನನ್ನು ನೋಡಿ "ಇವರ್ಯಾರು?" ಅಂದರು. ಆಮೇಲೆ, "ಎಷ್ಟು ಹೋಗುತ್ತೆ?"

"ಐನೂರು ಹೋಗಬಹುದು ಸರ್." ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದು ಐವತ್ತು.

"ನಿಮ್ಮ ಮುಚ್ಚಳದ ಮೋಲ್ಡು ತಿಂಡಿ ಹೊತ್ತಿಗೆ ಎಷ್ಟು ಉದುರಿಸುತ್ತೆ?" ಅಂದರು. ನಾನು ಫೋಟೋ ಜೇಬಿಗಿಟ್ಟುಕೊಂಡೆ.

ಅದಕ್ಕೇ ಬೇರೆ ದೇಶಗಳಲ್ಲಿ ಅಪರೂಪದ ಎಂಜಿನ್ನುಗಳನ್ನು ಬಹುಕಾಲ ಹಿತ್ತಾಳೆಯಲ್ಲಿ ಮಾಡುತ್ತಿದ್ದರು. ಜಪಾನಿನ, ಆಮೇಲೆ ಕೊರಿಯದ ಕುಶಲಕರ್ಮಿಗಳು ತಗಡು ಕೊರೆದು ಬೆಸುಗೆ ಹಾಕಿ ಕೈಯಿಂದ ಕಟ್ಟಿದ ಮಾದರಿಗಳನ್ನು ಅಮೆರಿಕನ್ನರು ತರಿಸಿಕೊಳ್ಳುತ್ತಿದ್ದರು. ಹಿತ್ತಾಳೆಗೆ ಮೋಲ್ಡಿನ ಸಾಲವಿಲ್ಲ, ಸ್ವಲ್ಪವೇ ಮಾಡಿದರೂ ಗಿಟ್ಟುತ್ತದೆ. ಬೆಲೆ ಮಾತ್ರ ಕೈಸುಡುತ್ತದೆ. ಹಿತ್ತಾಳೆ ತಗಡು, ಅರ, ಬೆಸುಗೆ ಕಡ್ಡಿ ಇವೆಲ್ಲ ನನ್ನ ಮನೆಯಲ್ಲೂ ಇದ್ದವು. ನಾನೇ ಕಟ್ಟುತ್ತೇನೆ ಎಂದು ನಿರ್ಧರಿಸಿದೆ. ಆಗ ತಿಳಿಯಿತು, ನನ್ನ ಹತ್ತಿರ ಇಲ್ಲದ್ದು ಮೋಲ್ಡಲ್ಲ, ಅಳತೆ.

*

ಬಾಗಿಲುಗಳೆಷ್ಟು? ಗಾಳಿಕಿಂಡಿಯ ಪಟ್ಟಿ ಎಷ್ಟು? ಕಿರುದಾರಿ ನೆಲದಿಂದ ಎಷ್ಟು ಎತ್ತರ? ಹತ್ತು ವರ್ಷ ಹಿತ್ತಿಲಲ್ಲಿ ನೋಡಿದ ವಸ್ತುವಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದೆ. ಸಾವಿರಾರು ಸಲ ಅದರ ಡ್ರೈವರಿಗೆ ಟೋಕನ್ನಿನ ಬಳೆ ಕೊಟ್ಟವರು. ಮುಂದಿನ ನಿಲ್ದಾಣದವರೆಗೆ ಹಳಿ ನಿನ್ನದೇ ಎಂದು ಹೇಳುವ ಲೋಹದ ಟೋಕನ್ ಚರ್ಮದ ಚೀಲದಲ್ಲಿ, ಚೀಲ ಬೆತ್ತದ ಬಳೆಗೆ ಕಟ್ಟಿರುತ್ತಿತ್ತು. ಓಡುವ ಗಾಡಿಯಿಂದ ಕೈಚಾಚಿ ತೋಳಿಗೇರಿಸಿಕೊಳ್ಳಬೇಕು. ಅಪ್ಪ ಎದ್ದು ನಿಂತು, ಕಣ್ಣು ಮುಚ್ಚಿ, ಬಲಗೈ ಮೇಲೆತ್ತಿದರು. "ಇಲ್ಲೀಗೆ ಬತ್ತಿತ್ತು ಡ್ರೈವರ್ ಕೈ. ಅಳ್ಕೊ." ನಾನು ಟೇಪು ಹಿಡಿದೆ. ಡ್ರೈವರನ ಕಿಟಕಿಯ ಎತ್ತರ ಹೀಗೆ ಸಿಕ್ಕಿತು. ಮಿಕ್ಕದ್ದೆಲ್ಲ ಫೋಟೋದಿಂದ, ಐದು ಅಡಿ ನಾಲ್ಕು ಅಂಗುಲದ ಲೆಕ್ಕದಲ್ಲಿ.

ಆ ಲೆಕ್ಕದಲ್ಲಿ ಮಾಡಿದ ಮೊದಲ ಮೈ ಎಲ್ಲೋ ತಪ್ಪಿತ್ತು. ಅಪ್ಪ ನೋಡಿ, "ಯಾಕೋ ಊಟ ಸಾಲ್ದೆ ಬೆಳ್ದಿರೋ ಹಂಗೈತಲ್ಲಪ್ಪ" ಅಂದರು.

2010ರಲ್ಲಿ ಯಾರೋ ಹೇಳಿದರು, ತಮಿಳುನಾಡಿನ ಸೆಂಗೋಟ್ಟೈನಿಂದ ಕೇರಳದ ಪುನಲೂರಿಗೆ ಇನ್ನೂ ಮೀಟರ್ ಗೇಜು ಓಡುತ್ತಿದೆ, ವೈಡಿಎಂ-4 ಎಳೆಯುತ್ತಿದೆ, ಅದೂ ಇನ್ನೇನು ಮುಚ್ಚುತ್ತದೆ. ಅಪ್ಪನಿಗೆ ಎಪ್ಪತ್ತು ದಾಟಿತ್ತು, ಮಂಡಿ ನೋವು. ಬರುತ್ತೇನೆಂದು ಹಟ ಹಿಡಿದರು. ಮಧುರೆಗೆ ರಾತ್ರಿ ರೈಲು, ಅಲ್ಲಿಂದ ಬಸ್ಸು.

ಸೆಂಗೋಟ್ಟೈ ನಿಲ್ದಾಣದ ಹೊರಗೇ ಅಪ್ಪ ನಿಂತುಬಿಟ್ಟರು. ಎಂಜಿನ್ನು ಕಾಣುವ ಮೊದಲೇ ಸದ್ದು ಬಂದಿತ್ತು. ಡುಗುಡುಗು. ಏನೂ ಮಾತಾಡಲಿಲ್ಲ, ನನ್ನ ತೋಳು ಹಿಡಿದು ಬೇಗ ಬೇಗ ನಡೆದರು, ಮಂಡಿ ಮರೆತು.

ಹೊರಡಲು ಇನ್ನೂ ಹೊತ್ತಿತ್ತು. ಸದರ್ನ್ ರೈಲ್ವೆಯ ತಮಿಳು ಅಪ್ಪನ ನಾಲಗೆಯಲ್ಲಿ ಹಾಗೇ ಇತ್ತು. ಡ್ರೈವರಿಗೆ ತಮ್ಮ ಹೆಸರಿಗಿಂತ ಮೊದಲು ಹುದ್ದೆ ಹೇಳಿದರು. ನಾನು ಟೇಪು ತೆಗೆದಾಗ ಡ್ರೈವರು ನಕ್ಕು, ಇದನ್ನು ಅಳೆದು ಏನು ಮಾಡುತ್ತೀರಿ ಎಂದು ಕೇಳಿದರು. "ನನ್ನ ಮಗ ಮನೆಗೆ ತಗೊಂಡು ಹೋಗ್ತಾನಂತೆ" ಅಂದರು ಅಪ್ಪ. ಅಷ್ಟೇ, ಡ್ರೈವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಮುಕ್ಕಾಲು ಗಂಟೆಯಲ್ಲಿ ಒಂದು ನೋಟ್‌ಬುಕ್ ತುಂಬಿತು. ಪ್ರತಿ ಬಾಗಿಲು, ಪ್ರತಿ ಮೆಟ್ಟಿಲು, ಕಂಬಿಯ ದಪ್ಪ ಕೂಡ. ಮತ್ತೆ ಅದೇ ಗಾಡಿಯಲ್ಲಿ ಕೂತು ಹದಿಮೂರು ಕಮಾನಿನ ಸೇತುವೆ ದಾಟಿದೆವು. ಅಪ್ಪ ಹೊರಗೆ ನೋಡಲಿಲ್ಲ, ಸದ್ದು ಕೇಳುತ್ತ ಕೂತಿದ್ದರು. ಆ ಸೆಪ್ಟೆಂಬರಿನಲ್ಲಿ ಆ ಮಾರ್ಗದ ಮೀಟರ್ ಗೇಜೂ ನಿಂತಿತು.

ಮನೆಗೆ ಬಂದು ಹೋಲಿಸಿದರೆ ಫೋಟೋದ ಲೆಕ್ಕಕ್ಕೂ ಟೇಪಿಗೂ ಎತ್ತರದಲ್ಲಿ ಒಂದು ಅಡಿಯಷ್ಟು ವ್ಯತ್ಯಾಸ! ಎರಡು ದಿನ ತಲೆ ಕೆಡಿಸಿಕೊಂಡು ಭೂತಗನ್ನಡಿ ಹಿಡಿದು ನೋಡಿದಾಗ ಗೊತ್ತಾಯಿತು. ಫೋಟೋದಲ್ಲಿ ಅಪ್ಪ ಎಂಜಿನ್ನಿಗೆ ತಾಗಿ ನಿಂತಿಲ್ಲ, ಒಂದೆರಡು ಹೆಜ್ಜೆ ಮುಂದೆ ನಿಂತಿದ್ದಾರೆ. ಕ್ಯಾಮೆರಾಕ್ಕೆ ಹತ್ತಿರವಾದವರು ದೊಡ್ಡವರಾಗಿ ಕಾಣುತ್ತಾರೆ. ಅಪ್ಪ ಬೆಳೆದಷ್ಟೂ ನನ್ನ ಲೆಕ್ಕದಲ್ಲಿ ಎಂಜಿನ್ನು ಕುಗ್ಗಿತ್ತು.

ಎರಡನೆಯ ಮೈ ಹಿತ್ತಾಳೆಯದು. ಪೂರ್ವ ಜರ್ಮನಿಯ ಕಾಲದ, ಟಿಟಿ ಅಳತೆಯ ಒಂದು ಹಳೆಯ ಡೀಸೆಲ್ಲಿನ ಮೋಟಾರು ಹಾಕಿದೆ. ಅದರ ಹಳಿಯೂ 12 ಮಿಲಿಮೀಟರು. ಬೋಗಿಯ ಚೌಕಟ್ಟುಗಳನ್ನು ಟೂಲ್‌ರೂಮಿನಲ್ಲೇ, ಪಾಳಿ ಮುಗಿದ ಮೇಲೆ ಕೊರೆದೆ. ಮೂರು ವರ್ಷ ಹಿಡಿಯಿತು. ಬಣ್ಣ ಹೊಡೆಯುವ ದಿನ ತಮ್ಮನನ್ನು ಕರೆಸಿದೆ. ಜಗಳವಾಗಿ, ಕೊನೆಗೆ ಒಂದು ಮಗ್ಗುಲು ನೀಲಿ, ಇನ್ನೊಂದು ಕೆಂಪು ಹೊಡೆದೆವು. ಭಾನುವಾರದ ಗೆಳೆಯರಿಗೆ ಇದು ಅಪಚಾರವೆನಿಸಿತು. ಹಲ್ಲಿನ ಡಾಕ್ಟರು ಮಾತ್ರ ಎದುರಿನಿಂದ ಬಗ್ಗಿ ನೋಡಿ, "ಕಾಲು ಸರಿಯಾಗಿದೆ" ಅಂದರು.

ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹೊಗಳಲಿಲ್ಲ. "ಟೋಕನ್ ಕೊಡೋನೆಲ್ಲೋ?" ಅಂದರು. ಹಾಗಾಗಿ ಒಂದು ಪುಟ್ಟ ಮನುಷ್ಯನನ್ನೂ ಮಾಡಿದೆ. 87ರಿಂದ ಭಾಗಿಸಿದರೆ ಅಪ್ಪ 18.7 ಮಿಲಿಮೀಟರು. ಕೈಯಲ್ಲಿ ತಾಮ್ರದ ತಂತಿಯ ಬಳೆ. ಅದನ್ನು ನೋಡಿದ ಮರುವರ್ಷ ಅಪ್ಪ ಹೋದರು.

ಈಗ ಕಾಲ ಬದಲಾಗಿದೆ. ತಮ್ಮನ ಮಗ ನನ್ನ ನೋಟ್‌ಬುಕ್ಕಿನ ಅಳತೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾನೆ. ಮೋಲ್ಡಿಲ್ಲದೆ, ಗಿರಾಕಿಗಳ ತಲೆ ಎಣಿಸದೆ, ರಾಳದ ತ್ರೀಡಿ ಪ್ರಿಂಟರಿನಲ್ಲಿ ಒಂದು ರಾತ್ರಿಯಲ್ಲಿ ಒಂದು ಮೈ ತೆಗೆಯುತ್ತಾನೆ. ಗಾಳಿಕಿಂಡಿಯ ಪಟ್ಟಿಗಳು ನಾನು ಅರದಲ್ಲಿ ತೀಡಿದ್ದಕ್ಕಿಂತ ಚೊಕ್ಕವಾಗಿವೆ. ನನ್ನ ಕಸುಬಿಗೆ ಅವಮಾನ, ಆದರೂ ಖುಷಿ. ಐವತ್ತು ಜನಕ್ಕೆ ಬೇಕಾದದ್ದನ್ನು ಐವತ್ತೇ ಮಾಡುವ ಕಾಲ ಬಂದಿದೆ. ಕಂಪನಿಗಳಿಗೆ ಕಾಗದ ಬರೆಯುವುದು ಇನ್ನು ಬೇಡ. ಆದರೆ ಆ ಪ್ರಿಂಟರಿಗೂ ಅಳತೆ ಬೇಕು. ಸೆಂಗೋಟ್ಟೈನ ಆ ಮುಕ್ಕಾಲು ಗಂಟೆ ಇಲ್ಲದಿದ್ದರೆ ಅದು ಹೊಸ ಯಂತ್ರದಲ್ಲಿ ಮಾಡಿದ ಊಟ ಸಾಲದ ಎಂಜಿನ್ನೇ ಆಗುತ್ತಿತ್ತು.

ಈಗ ಡಬ್ಲ್ಯುಡಿಎಂ ಜಾತಿಯ ಡೀಸೆಲ್‌ಗಳೂ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಎಲ್ಲೆಲ್ಲೂ ವಿದ್ಯುತ್ ತಂತಿ. ಡೀಸೆಲ್ ಕಾರ್ಖಾನೆಯ ಹೆಸರಿನಿಂದಲೂ 2020ರಲ್ಲಿ ಡೀಸೆಲ್ ಹೋಯಿತು, ಈಗ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್. ಎಂಜಿನ್ನು ಅಂತಲೇ ಅಲ್ಲ. ನಿಮ್ಮೂರಿನ ಹಿಟ್ಟಿನ ಗಿರಣಿ, ಬೆಲ್ಲದ ಗಾಣ, ಹಳೆಯ ಸಿಗ್ನಲ್ ಕಂಬ, ಮುಂದೊಂದು ದಿನ ಯಾರೋ ಒಬ್ಬ ಮುದುಕ ಅದನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಾನೆ. ಅವನಿಗಾಗಿ ಇಷ್ಟು ಮಾಡಿ. ಇನ್ನೂ ನಿಂತಿರುವಾಗಲೇ ಒಂದು ಟೇಪು ತಗೊಂಡು ಹೋಗಿ ಅಳೆದು ಬರೆದಿಡಿ. ಟೇಪಿಲ್ಲದಿದ್ದರೆ ಫೋಟೋ ತೆಗೆಯಿರಿ, ಎತ್ತರ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ತೆಗೆಯಿರಿ. ಎರಡು ಹೆಜ್ಜೆ ಮುಂದೆ ಬೇಡ, ತಾಗಿಕೊಂಡೇ ನಿಲ್ಲಿಸಿ.